ಅನ್ಯಗ್ರಹದವರು ಕೊಡಗಿಗೆ ಬಂದರೆ ಮೊದಲು ನೋಡುವವರು ಯಾರು? ಕಡಿಮೆ ಹಣದ ಒಂದು ಸಿನಿಮಾ ಕುರಿತು

ಗದ್ದೆಬದಿ

ವಿರಾಜಪೇಟೆ ಕಡೆಯ ನಾವು ಕೆಲವು ಗೆಳೆಯರು ಅನ್ಯಗ್ರಹದಿಂದ ಬಂದವರ ಕಥೆಯೊಂದನ್ನು ಸಿನಿಮಾ ಮಾಡಲು ಹೊರಟಿದ್ದೇವೆ. ಹಣ ತೀರ ಕಡಿಮೆ. ಒಂದು ಕ್ಯಾಮೆರಾ, ಕೆಲವು ದೀಪಗಳು, ನಟಿಸಲು ಊರಿನವರೇ. ಚಿತ್ರಕಥೆ ಅರ್ಧಕ್ಕೆ ಬಂದು ನಿಂತಿದೆ. ಅದು ನಿಂತಿರುವುದು ಹಣದ ಚಿಂತೆಯಿಂದಲ್ಲ, ಬಂದವರನ್ನು ಮೊದಲು ನೋಡುವವರು ಯಾರು ಎಂಬ ಪ್ರಶ್ನೆ ಬಗೆಹರಿಯದೆ.

ಬೆಂಗಳೂರಿನ ಪ್ರವಾಸಿಗರು ಮಾಂದಲಪಟ್ಟಿಯಲ್ಲಿ ಡ್ರೋನ್ ಹಾರಿಸುವಾಗ ಆಕಾಶದಲ್ಲಿ ಬೆಳಕು ಕಾಣಿಸಲಿ ಎಂಬುದು ತಂಡದ ಕೆಲವರ ಒಲವು. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಜಿಲ್ಲೆಗೆ ಸಿನಿಮಾದವರು ಬರುವುದು ಮಂಜಿಗಾಗಿ, ಹಸಿರಿಗಾಗಿ, ಒಂದು ಹಾಡಿಗಾಗಿ. ಇಲ್ಲಿ ಬದುಕುವವರು ಆ ಹಾಡಿನ ಹಿಂದೆ ಕಾಫಿ ಚೀಲ ಹೊತ್ತು ದಾಟಿಹೋಗುತ್ತಾರೆ, ಅಷ್ಟೆ. ನಮ್ಮದೇ ಕೈಯಲ್ಲಿ ಕ್ಯಾಮೆರಾ ಇರುವಾಗಲೂ ಹಾಗೇ ಆಗಬೇಕೆ?

ನನ್ನ ವಾದ ಇದು. ಅನ್ಯಗ್ರಹದವರ ಸಿನಿಮಾಗಳೆಲ್ಲ ಒಂದು ಭಯವನ್ನು ಕಟ್ಟಲು ಬಹಳ ಹೆಣಗಾಡುತ್ತವೆ: ಹೊರಗೆ ಕತ್ತಲಲ್ಲಿ ದೊಡ್ಡದೇನೋ ಇದೆ, ಅದು ಎಲ್ಲಿದೆಯೋ ತಿಳಿಯದು. ದಕ್ಷಿಣ ಕೊಡಗಿನಲ್ಲಿ ಅದನ್ನು ಕಟ್ಟುವ ಅಗತ್ಯವೇ ಇಲ್ಲ. ರಾತ್ರಿ ತೋಟದಲ್ಲಿ ಕೊಂಬೆ ಮುರಿದ ಸದ್ದಾದರೆ ಮನೆಯಲ್ಲಿ ಎಲ್ಲರ ಮಾತೂ ನಿಲ್ಲುತ್ತದೆ. ಆನೆ ಯಾವ ಕಡೆಯಿಂದ ಬಂತು, ಒಂಟಿ ಸಲಗವೋ ಹಿಂಡೋ, ಕೆರೆಗೆ ಇಳಿಯಿತೋ ಹಲಸಿನ ಮರದ ಬುಡದಲ್ಲಿದೆಯೋ ಎಂದು ಕಿವಿಯಲ್ಲೇ ಲೆಕ್ಕ ಹಾಕುತ್ತೇವೆ. ಬೆಳಿಗ್ಗೆ ಹೊರಗೆ ಬಂದರೆ ಸೋಲಾರ್ ಬೇಲಿಯ ಕಂಬ ಉರುಳಿರುತ್ತದೆ, ಬೈನೆ ಮರ ಸೀಳಿರುತ್ತದೆ, ಲದ್ದಿಯಲ್ಲಿ ಕಾಫಿ ಬೀಜ ಕಾಣುತ್ತದೆ. ಇಡೀ ರಾತ್ರಿ ಅಂಗಳದಲ್ಲಿದ್ದ ಪ್ರಾಣಿಯನ್ನು ಯಾರೂ ಕಣ್ಣಾರೆ ನೋಡಿರುವುದಿಲ್ಲ. ಇಂಥ ಊರಿಗೆ ಬೇರೆ ಲೋಕದವರು ಬಂದಿಳಿದರೆ ಮೊದಲ ಕೆಲವು ದಿನ ಎಲ್ಲರೂ ಆನೆ ಎಂದೇ ತಿಳಿಯುತ್ತಾರೆ. ಸಿನಿಮಾದ ಮೊದಲ ಅರ್ಧ ಇದೇ ಎಂದು ನನಗೆ ಅನಿಸುತ್ತದೆ.

ಇದಕ್ಕೆ ಹತ್ತಿರದ ಮಾದರಿಯೆಂದರೆ 2010ರ ‘ಮಾನ್‌ಸ್ಟರ್ಸ್’. ಗ್ಯಾರೆತ್ ಎಡ್ವರ್ಡ್ಸ್ ಅದನ್ನು ಐದು ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ, ಒಂದೇ ವ್ಯಾನಿನಲ್ಲಿ ಹಿಡಿಸುವಷ್ಟು ತಂಡದೊಂದಿಗೆ ಮಧ್ಯ ಅಮೆರಿಕ ಮತ್ತು ಮೆಕ್ಸಿಕೊದಲ್ಲಿ ಸುತ್ತಿ ಚಿತ್ರಿಸಿದರು. ದಾರಿಯಲ್ಲಿ ಸಿಕ್ಕ ಜನರೇ ಪಾತ್ರಗಳಾದರು. ಗ್ರಾಫಿಕ್ಸ್ ಎಲ್ಲವನ್ನೂ ಅವರೇ ಕಂಪ್ಯೂಟರಿನ ಮುಂದೆ ಕುಳಿತು ಮಾಡಿದರು. ಆ ಚಿತ್ರದ ಮುಖ್ಯ ಗುಣ ಅಗ್ಗವಾಗಿ ಮಾಡಿದ್ದಲ್ಲ. ದೈತ್ಯ ಜೀವಿಗಳು ಬಂದು ವರ್ಷಗಳೇ ಕಳೆದಿವೆ, ಜನ ಅವುಗಳ ಜೊತೆ ಹೊಂದಿಕೊಂಡು ಬದುಕುತ್ತಿದ್ದಾರೆ, ಗೋಡೆಗಳ ಮೇಲೆ ಎಚ್ಚರಿಕೆಯ ಚಿತ್ರಗಳಿವೆ, ಮಕ್ಕಳ ಕಾರ್ಟೂನಿನಲ್ಲೂ ಅವು ಬಂದಿವೆ. ಇದನ್ನು ನೋಡಿದಾಗ ನಮ್ಮೂರಿನ ‘ಆನೆ ದಾಟುವ ಸ್ಥಳ’ ಫಲಕಗಳು ನನಗೆ ನೆನಪಾದವು.

ನಿಮ್ಮ ಅಭಿಪ್ರಾಯ ತಿಳಿಸಿ. ವಿರೋಧವನ್ನೂ ಬಿಚ್ಚಿ ಬರೆಯಿರಿ.

ಕತ್ತಲೆಕೋಣೆ

ಗದ್ದೆಬದಿಯವರೇ, ಮೈಸೂರಿನಲ್ಲಿದ್ದು ಬರೆಯುತ್ತಿದ್ದೇನೆ, ಹುಟ್ಟಿದ್ದು ಸೋಮವಾರಪೇಟೆ. ನಿಮ್ಮ ಹೊಳಹು ಗಟ್ಟಿಯಾಗಿದೆ. ಒಂದೇ ಕೋರಿಕೆ: ಬಂದವರನ್ನು ತೋರಿಸಬೇಡಿ, ಕೊನೆಯವರೆಗೂ.

2019ರಲ್ಲಿ ಬಂದ ‘ದಿ ವಾಸ್ಟ್ ಆಫ್ ನೈಟ್’ ನೋಡಿ. 1950ರ ದಶಕದ ಅಮೆರಿಕದ ಒಂದು ಪುಟ್ಟ ಊರು, ಒಂದೇ ರಾತ್ರಿ. ಟೆಲಿಫೋನ್ ವಿನಿಮಯ ಕೇಂದ್ರದ ಹುಡುಗಿ, ರೇಡಿಯೊದಲ್ಲಿ ಮಾತನಾಡುವ ಹುಡುಗ, ತಂತಿಯೊಳಗೆ ಕೇಳಿಬರುವ ಒಂದು ವಿಚಿತ್ರ ಸದ್ದು. ಹುಡುಗಿ ತಂತಿ ಚುಚ್ಚುತ್ತ, ಕೀಳುತ್ತ, ಒಬ್ಬೊಬ್ಬರನ್ನೇ ವಿಚಾರಿಸುವ ದೃಶ್ಯವನ್ನು ಕ್ಯಾಮೆರಾ ಒಂದೇ ಶಾಟಿನಲ್ಲಿ ನಿಮಿಷಗಟ್ಟಲೆ ನೋಡುತ್ತದೆ. ಇನ್ನೊಂದು ಕಡೆ, ರೇಡಿಯೊಗೆ ಕರೆ ಮಾಡಿದ ಮುದುಕರೊಬ್ಬರು ತಮ್ಮ ಕಥೆ ಹೇಳುವಾಗ ತೆರೆ ಪೂರ್ತಿ ಕಪ್ಪಾಗುತ್ತದೆ. ಕೇವಲ ಧ್ವನಿ. ನಾನು ಕಂಡ ಅನ್ಯಗ್ರಹದ ಚಿತ್ರಗಳಲ್ಲಿ ಅಷ್ಟು ಮೈ ಜುಮ್ಮೆನ್ನಿಸಿದ ಕ್ಷಣ ಬೇರೆ ಇಲ್ಲ.

ನಮ್ಮಲ್ಲಿ ರೇಡಿಯೊ ಇನ್ನೂ ಜೀವಂತ. ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್ ಅಡುಗೆಮನೆಯಲ್ಲೂ ಕಾಫಿ ಕಣದಲ್ಲೂ ಕೇಳಿಸುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಮೊಬೈಲ್ ಸಿಗ್ನಲ್ಲೂ ಸತ್ತಾಗ ಬ್ಯಾಟರಿ ರೇಡಿಯೊ ಒಂದೇ ಗತಿ. ಕಥೆಗೆ ಇದಕ್ಕಿಂತ ಒಳ್ಳೆಯ ಆಸರೆ ಬೇಕೆ?

ಭಾರತದಲ್ಲಿ ಈ ಬಗೆಯ ಕಥೆ ಹಳ್ಳಿಗೆ ಬಂದದ್ದು ಇಂದು ನಿನ್ನೆಯಲ್ಲ. ಸತ್ಯಜಿತ್ ರಾಯ್ 1967ರಲ್ಲಿ ಬರೆದ ‘ದಿ ಏಲಿಯನ್’ ಚಿತ್ರಕಥೆಯಲ್ಲಿ ನೌಕೆ ಇಳಿಯುವುದು ಬಂಗಾಳದ ಒಂದು ಹಳ್ಳಿಯ ತಾವರೆಗೊಳದಲ್ಲಿ. ನೀರಿನಿಂದ ಮೇಲೆ ಕಾಣುವ ಭಾಗವನ್ನು ಊರಿನವರು ದೇವಸ್ಥಾನ ಎಂದು ತಿಳಿಯುತ್ತಾರೆ. ಬಂದವನು ಯುದ್ಧಕ್ಕೆ ಬಂದವನಲ್ಲ, ಒಬ್ಬ ಬಡ ಹುಡುಗನ ಗೆಳೆಯನಾಗುತ್ತಾನೆ. ಆ ಚಿತ್ರ ಕೊನೆಗೂ ಆಗಲಿಲ್ಲ. ಆಗಿದ್ದರೆ ನಾವೆಲ್ಲ ಈ ಪ್ರಕಾರವನ್ನು ನೋಡುವ ಕಣ್ಣೇ ಬೇರೆ ಇರುತ್ತಿತ್ತು ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಮಂಟಪದ ಕೆಲಸ

ತೋರಿಸಬೇಡಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಗಂಟೆ ಕೂರಿಸಿ ಬರೀ ಸದ್ದು ಕೇಳಿಸಿ ಕಳುಹಿಸಿದರೆ ನನ್ನ ಊರಿನವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅವರು ನಿರೀಕ್ಷಿಸುವುದರಲ್ಲಿ ತಪ್ಪೂ ಇಲ್ಲ. ದೂರದಿಂದ ಯಾರೋ ಬಂದಿದ್ದಾರೆ ಎಂದ ಮೇಲೆ ಅವರ ಮುಖ ನೋಡಬೇಕು ಎನ್ನಿಸುವುದು ಮನುಷ್ಯರ ಸಹಜ ಆಸೆ.

ನಾನು ಮಡಿಕೇರಿ ದಸರಾ ಮಂಟಪಗಳಲ್ಲಿ ಕೆಲಸ ಮಾಡುತ್ತೇನೆ. ವಿಜಯದಶಮಿ ರಾತ್ರಿ ಹತ್ತು ಮಂಟಪಗಳು ಬೀದಿಗೆ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಟ್ರ್ಯಾಕ್ಟರಿನ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ, ಮನೆಯ ಸೂರಿಗಿಂತ ಎತ್ತರದ ರಾಕ್ಷಸ ಕತ್ತು ತಿರುಗಿಸುವಂತೆ, ಬಾಯಿ ತೆರೆಯುವಂತೆ, ತೋಳು ಎತ್ತುವಂತೆ ಮಾಡುತ್ತೇವೆ. ಬೆಳಕು, ಹೊಗೆ, ಧ್ವನಿ ಎಲ್ಲವೂ ಕಥೆಯ ಮಾತಿಗೆ ಸರಿಯಾಗಿ ಕೂಡಿಬರಬೇಕು. ಒಂದು ಚಲನೆ ತಡವಾದರೂ ನಡುರಾತ್ರಿ ನಿಂತ ಸಾವಿರಾರು ಜನ ಅಲ್ಲೇ ಗುರುತಿಸುತ್ತಾರೆ. ಅಲ್ಲಿ ಎರಡನೆಯ ಟೇಕ್ ಇಲ್ಲ. ಇಷ್ಟು ಕೌಶಲ ಇದೇ ಊರಿನಲ್ಲಿ ವರ್ಷಕ್ಕೊಮ್ಮೆ ಬೀದಿಯಲ್ಲಿ ಕಾಣಿಸಿಕೊಂಡು ಬೆಳಗಾಗುವುದರೊಳಗೆ ಬಿಚ್ಚಿಹೋಗುತ್ತದೆ.

ಕಂಪ್ಯೂಟರಿನಲ್ಲಿ ಮಾಡಿದ ಜೀವಿಯ ಮುಂದೆ ನಟಿಸುವವರಿಗೆ ಕಾಣುವುದು ಒಂದು ಹಸಿರು ಬಟ್ಟೆ. ಅನುಭವಿ ನಟರಿಗೇ ಅದು ಕಷ್ಟ. ನಿಮ್ಮದು ಊರಿನವರೇ ನಟಿಸುವ ಚಿತ್ರ. ಅವರ ಎದುರು ನಿಜವಾದ ಒಂದು ಆಕಾರ, ಮಂಜಿನಲ್ಲಿ, ಕಾಫಿ ಗಿಡಗಳ ಮೇಲಿಂದ ನಿಧಾನವಾಗಿ ತಲೆ ಎತ್ತಲಿ. ಅವರ ಮುಖದಲ್ಲಿ ಬರುವುದನ್ನು ಯಾವ ನಿರ್ದೇಶಕರೂ ಹೇಳಿಕೊಡಲಾರರು. ಒಂದೇ ಒಂದು ಮಾತು: ಮಂಟಪದ ಬಣ್ಣ ಬೇಡ. ಅಲ್ಲಿ ಬಣ್ಣ ದೂರಕ್ಕೆ ಕಾಣಬೇಕೆಂದು ಬಳಿಯುತ್ತೇವೆ, ಕ್ಯಾಮೆರಾ ಅದನ್ನು ಕ್ಷಮಿಸುವುದಿಲ್ಲ. ಒದ್ದೆ ಚರ್ಮದ ಹೊಳಪು ಬೇಕು, ಹಿಂದಿನಿಂದ ಒಂದೇ ದೀಪ ಬೇಕು.

ಕುಶಾಲನಗರ ಬಸ್ಸು

ಮಂಟಪದವರು ಹೇಳಿದ್ದು ಓದಿ ಖುಷಿಯಾಯಿತು. ಒಂದು ಪ್ರಶ್ನೆ: ಬಂದವರು ಯಾವ ಭಾಷೆಯಲ್ಲಿ ಮಾತನಾಡುತ್ತಾರೆ? ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ, ಕುರುಬ, ಪಕ್ಕದ ಬೈಲಕುಪ್ಪೆಗೆ ಹೋದರೆ ಟಿಬೆಟನ್. ಒಂದು ಸಂತೆಯಲ್ಲೇ ಇಷ್ಟು ಕೇಳಿಸುತ್ತವೆ.

ಪಿಯುಸಿ ಭೌತಶಾಸ್ತ್ರ

ಬಸ್ಸಿನವರ ಪ್ರಶ್ನೆ ಇಷ್ಟವಾಯಿತು. ಭಾಷೆಯ ವಿಷಯದಲ್ಲಿ ಒಂದು ಸಂಗತಿಯನ್ನು ನನ್ನ ತರಗತಿಯ ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ಧ್ವನಿಮುದ್ರಿಕೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಒಂದು: ಕನ್ನಡಿಗರ ಪರವಾಗಿ ಶುಭಾಶಯಗಳು ಎಂದು ಒಂದು ದನಿ ನಕ್ಷತ್ರಗಳ ಕಡೆ ಹೋಗುತ್ತಿದೆ. ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರರ ಗಾಯನವೂ ಇದೆ. ಹಾಗಾಗಿ ಬಂದವರಿಗೆ ಕನ್ನಡದ ಒಂದೇ ಒಂದು ವಾಕ್ಯ ಗೊತ್ತಿರುವುದು ವಿಜ್ಞಾನದ ದೃಷ್ಟಿಯಿಂದ ಅಸಂಗತವಲ್ಲ. ಆದರೆ ಕೊಡವ ತಕ್ಕಿನಲ್ಲೋ ಯರವ ಭಾಷೆಯಲ್ಲೋ ಉತ್ತರಿಸುವವರ ಮಾತು ಅವರಿಗೆ ಅರ್ಥವಾಗುವುದಿಲ್ಲ. ಆ ಮುದ್ರಿಕೆಯಲ್ಲಿ ಈ ಭಾಷೆಗಳಿಲ್ಲ. ಇದರಲ್ಲಿ ಒಂದು ದೃಶ್ಯ ಅಡಗಿದೆ.

ಆಕಾಶದ ಬೆಳಕಿನ ಬಗ್ಗೆ: ಸಾಲು ದೀಪಗಳಂತೆ ಚಲಿಸುವ ಬೆಳಕು ಕಂಡರೆ ಅದು ಬಹುಪಾಲು ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು. 2019ರಲ್ಲಿ ಮೊದಲ ಬಾರಿಗೆ 60 ಉಪಗ್ರಹಗಳನ್ನು ಒಟ್ಟಿಗೆ ಬಿಟ್ಟಾಗಿನಿಂದ ಜಗತ್ತಿನ ಎಲ್ಲ ಕಡೆ ಜನ ಬೆಚ್ಚಿದ್ದಾರೆ. ಅಲುಗದೆ ಪ್ರಜ್ವಲಿಸುವುದು ಹೆಚ್ಚಾಗಿ ಶುಕ್ರ ಗ್ರಹ. ಇವತ್ತಿನ ಪ್ರೇಕ್ಷಕರಿಗೆ ಇದು ಗೊತ್ತು. ಚಿತ್ರದಲ್ಲಿ ಬೆಳಕು ತೋರಿಸಿದರೆ ಊರಿನ ಒಬ್ಬ ಹುಡುಗಿ ಅದನ್ನು ಸರಿಯಾಗಿ ವಿವರಿಸಲಿ, ಎಲ್ಲರೂ ನೆಮ್ಮದಿಯಾಗಿ ಮಲಗಲಿ. ಹೆದರಿಕೆ ಬೇರೆ ಕಡೆಯಿಂದ ಬರಲಿ.

ಯಾವ ಕಡೆಯಿಂದ ಎಂಬುದಕ್ಕೆ ಗದ್ದೆಬದಿಯವರ ಆನೆಯೇ ಉತ್ತರ. ಕೇಟಿ ಪೇನ್ ಎಂಬ ವಿಜ್ಞಾನಿ 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದಾಗ ಕಿವಿಗೆ ಏನೂ ಕೇಳದಿದ್ದರೂ ಗಾಳಿಯಲ್ಲಿ ಒಂದು ಮಿಡಿತವನ್ನು ಅನುಭವಿಸಿದರು. ಆನೆಗಳು ಸುಮಾರು 14ರಿಂದ 24 ಹರ್ಟ್ಸ್ ಕಂಪನಾಂಕದಲ್ಲಿ ಪರಸ್ಪರ ಕರೆಯುತ್ತವೆ ಎಂದು ಧ್ವನಿಮುದ್ರಣದಿಂದ ಸಾಬೀತಾಯಿತು. ನಮ್ಮ ಕಿವಿಗೆ 20 ಹರ್ಟ್ಸಿನ ಕೆಳಗಿನದು ಸಾಮಾನ್ಯವಾಗಿ ಕೇಳುವುದಿಲ್ಲ. ಅಂದರೆ ನಮ್ಮ ತೋಟಗಳಲ್ಲಿ ಪ್ರತಿರಾತ್ರಿ ನಮಗೆ ಕೇಳಿಸದ ಸಂಭಾಷಣೆ ನಡೆಯುತ್ತಿದೆ. ಬಂದವರು ಅದೇ ಕಂಪನಾಂಕದಲ್ಲಿ ಮಾತನಾಡಿದರೆ? ಮನುಷ್ಯರಿಗೆ ಸುದ್ದಿಯೇ ಇಲ್ಲ, ಆನೆಗಳಿಗೆ ಎಲ್ಲವೂ ತಿಳಿದಿದೆ.

ಧ್ವನಿಪಟ್ಟಿ

ಭೌತಶಾಸ್ತ್ರದ ಮೇಡಂ ಬರೆದದ್ದು ಓದಿದ ಮೇಲೆ ನಿದ್ದೆ ಬರಲಿಲ್ಲ. ನಾನು ಧ್ವನಿ ವಿಭಾಗದಲ್ಲಿ ಕೆಲಸ ಮಾಡುವವನು, ಹಾಗಾಗಿ ಅಡ್ಡಿಯನ್ನೂ ದಾರಿಯನ್ನೂ ಹೇಳುತ್ತೇನೆ.

ಅಡ್ಡಿ: 16 ಹರ್ಟ್ಸಿನ ಸದ್ದನ್ನು ಮೊಬೈಲ್ ಸ್ಪೀಕರ್ ಹೊರಡಿಸುವುದೇ ಇಲ್ಲ, ಸಾಧಾರಣ ಚಿತ್ರಮಂದಿರವೂ ಸರಿಯಾಗಿ ಹೊರಡಿಸುವುದಿಲ್ಲ. ನಿಮ್ಮ ಚಿತ್ರವನ್ನು ಹೆಚ್ಚಿನವರು ಮೊಬೈಲಿನಲ್ಲೇ ನೋಡುತ್ತಾರೆ. ಆದ್ದರಿಂದ ಆ ಸದ್ದನ್ನು ಕೇಳಿಸಬೇಡಿ, ಅದು ಮುಟ್ಟಿದ ವಸ್ತುಗಳನ್ನು ಕೇಳಿಸಿ. ಮಂಗಳೂರು ಹೆಂಚುಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಡಲಿ. ಕಿಟಕಿಯ ಗಾಜು ಸಡಿಲ ಚೌಕಟ್ಟಿನಲ್ಲಿ ನಡುಗಲಿ. ಹಂಡೆಯ ನೀರಿನಲ್ಲಿ ಉಂಗುರಗಳೇಳಲಿ. ನಾಯಿ ಬೊಗಳುವುದಲ್ಲ, ಬೊಗಳುತ್ತಿದ್ದದ್ದು ಥಟ್ಟನೆ ನಿಲ್ಲಿಸಲಿ. ಜೀರುಂಡೆಗಳ ಸದ್ದು ತೋಟದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪಟ್ಟಿಪಟ್ಟಿಯಾಗಿ ನಿಲ್ಲುತ್ತ ಬಂದರೆ, ಏನೋ ನಡೆದು ಬರುತ್ತಿದೆ ಎಂದು ಪ್ರೇಕ್ಷಕರಿಗೆ ಯಾರೂ ಹೇಳಬೇಕಿಲ್ಲ. ಇದಕ್ಕೆಲ್ಲ ಖರ್ಚು ಬಹುತೇಕ ಇಲ್ಲ, ತಾಳ್ಮೆ ಬೇಕು.

ಎಲ್ಲ ಸದ್ದುಗಳನ್ನೂ ಇಲ್ಲೇ ಮುದ್ರಿಸಿಕೊಳ್ಳಿ. ಸಿದ್ಧ ಸಂಗ್ರಹಗಳಲ್ಲಿ ಸಿಗುವ ‘ಕಾಡಿನ ರಾತ್ರಿ’ ಬೇರೆ ಖಂಡದ ಕೀಟಗಳದ್ದು. ಇಲ್ಲಿನವರ ಕಿವಿ ಅದನ್ನು ಮೊದಲ ಕ್ಷಣದಲ್ಲೇ ತಿರಸ್ಕರಿಸುತ್ತದೆ. ಸೋಲಾರ್ ಬೇಲಿಯ ತಂತಿಗೆ, ವಿದ್ಯುತ್ ಹರಿಯದಂತೆ ಆರಿಸಿದ ಮೇಲೆಯೇ, ಕಂಪನವನ್ನು ನೇರವಾಗಿ ಹಿಡಿಯುವ ಸ್ಪರ್ಶ ಮೈಕ್ ಅಂಟಿಸಿ ಗಾಳಿಗೆ ಅದು ಗುಂಯ್ಗುಡುವುದನ್ನು ಹಿಡಿಯಿರಿ. ನೌಕೆಯ ಸದ್ದಿಗೆ ಅದಕ್ಕಿಂತ ಒಳ್ಳೆಯದು ಸಿಗದು.

ಮತ್ತೊಂದು: ಜನರೇಟರ್ ಎಷ್ಟು ದೂರವಿಟ್ಟರೂ ಕಣಿವೆಯಲ್ಲಿ ಅದರ ಸದ್ದು ತಿರುಗಿ ಬರುತ್ತದೆ. ಬ್ಯಾಟರಿ ದೀಪಗಳಲ್ಲೇ ಮುಗಿಸಿ. ಮಂಜಿದ್ದರೆ ತಲೆಗೆ ಕಟ್ಟುವ ಒಂದು ಟಾರ್ಚಿನ ಬೆಳಕೇ ಕೋಲಿನಂತೆ ಎದ್ದು ಕಾಣುತ್ತದೆ.

ಲೈನ್‌ಮನೆ

ನಾಲ್ಕು ದಿಕ್ಕಿನಿಂದಲೂ ಆನೆಯ ಬಗ್ಗೆ ಉತ್ಸಾಹದ ಮಾತು ಓದಿದೆ. ನಾನು ಕೂಲಿಕಾರರಿಗಾಗಿ ಸಾಲಾಗಿ ಕಟ್ಟಿದ ತೋಟದ ಲೈನ್‌ಮನೆಯಲ್ಲಿ ಬೆಳೆದವಳು. ಅಮ್ಮ ಈಗಲೂ ಕಾಫಿ ಕೊಯ್ಯುತ್ತಾರೆ. ನಮ್ಮ ಸಾಲಿನಲ್ಲೇ ಇದ್ದ ಒಬ್ಬ ಅಕ್ಕ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆನೆಗೆ ಸಿಕ್ಕಿ ತೀರಿಕೊಂಡರು. ಅದನ್ನು ಯಾರ ಮೈ ಜುಮ್ಮೆನ್ನಿಸಲೂ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಸಿನಿಮಾ ಮಾಡಬೇಡಿ ಎನ್ನುತ್ತಿಲ್ಲ. ಆದರೆ ಇಲ್ಲಿಯವರೆಗಿನ ಮಾತಿನಲ್ಲಿ ಎಲ್ಲರೂ ಮನೆಯೊಳಗಿದ್ದಾರೆ. ಕೊಂಬೆ ಮುರಿದ ಸದ್ದನ್ನು ಬಾಗಿಲು ಹಾಕಿಕೊಂಡು ಕೇಳುತ್ತಿದ್ದಾರೆ. ಬೆಳಗಾದ ಮೇಲೆ ಬಾಗಿಲು ತೆರೆದು ಮಂಜಿನೊಳಗೆ ನಡೆಯಬೇಕಾದವರು ಬೇರೆ. ‘ಇಂಥ ತೋಟದಲ್ಲಿ ಆನೆಗಳಿವೆ, ಎಚ್ಚರ’ ಎಂದು ಮೊಬೈಲಿಗೆ ಸಂದೇಶ ಬಂದಿರುತ್ತದೆ. ಬಂದರೂ ಹೊರಡುತ್ತಾರೆ. ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ, ಅವರಲ್ಲಿ ಕೆಲವರಿಗೆ ಆ ಕನ್ನಡ ಸಂದೇಶ ಓದಲು ಬರುವುದಿಲ್ಲ. ನಮ್ಮಮ್ಮ ಓದಿ ಹೇಳುತ್ತಾರೆ, ಕೈಸನ್ನೆಯಲ್ಲಿ.

ಅನ್ಯಗ್ರಹದ ಸಿನಿಮಾಗಳಲ್ಲಿ ಬಂದವರು ಕಂಡ ಕೂಡಲೇ ಊರೇ ಓಡುತ್ತದೆ. ನಮ್ಮ ಕಡೆ ಓಡುವುದಿಲ್ಲ. ಮರುದಿನ ಕೊಯ್ಲು ಇರುತ್ತದೆ.

ಇನ್ನೊಂದು ಮಾತು. ಹೆದರಿಕೆ ಮಾತ್ರ ಇದೆ ಎಂದುಕೊಳ್ಳಬೇಡಿ, ತಿಳಿವಳಿಕೆಯೂ ಇದೆ. ಯಾವ ಸಲಗದ ಕಿವಿ ಹರಿದಿದೆ, ಯಾವುದು ಜನರನ್ನು ಕಂಡರೆ ತಾನೇ ಸರಿಯುತ್ತದೆ, ಯಾವ ಹೆಣ್ಣಾನೆಯ ಜೊತೆ ಮರಿ ಇದೆ, ಗಾಳಿ ಯಾವ ಕಡೆ ಬೀಸಿದರೆ ಯಾವ ದಾರಿ ಬಿಡಬೇಕು, ಎಲ್ಲವೂ ಅಮ್ಮನಿಗೆ ಗೊತ್ತು. ಕಾಡಂಚಿನ ಹಾಡಿಯ ಯರವ ಬುಡಕಟ್ಟಿನ ಅಜ್ಜಂದಿರಿಗೆ ಅದಕ್ಕಿಂತ ಹೆಚ್ಚು ಗೊತ್ತು. ಸಿನಿಮಾದಲ್ಲಿ ಇಂಥವರು ಮೊದಲ ಹತ್ತು ನಿಮಿಷದಲ್ಲಿ ಕಿರುಚಿ ಸಾಯುತ್ತಾರೆ. ನಿಮ್ಮ ಚಿತ್ರದಲ್ಲಿ ಇದು ಆನೆಯಲ್ಲ ಎಂದು ಮೊದಲು ಗುರುತಿಸುವವರು ಅವರೇ ಆಗಲಿ. ಹೆಜ್ಜೆ ನೋಡಿ, ಮುರಿದ ಕೊಂಬೆಯ ಎತ್ತರ ನೋಡಿ, ವಾಸನೆ ನೋಡಿ.

ಗದ್ದೆಬದಿ

ಲೈನ್‌ಮನೆಯವರೇ, ನಿಮ್ಮ ಬರಹವನ್ನು ತಂಡದ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಂದವರನ್ನು ಮೊದಲು ಗುರುತಿಸುವವಳು ಕಾಫಿ ಕೊಯ್ಯುವ ಹೆಂಗಸು. ಡ್ರೋನ್ ಹಾರಿಸುವ ಪ್ರವಾಸಿಗರು ಚಿತ್ರದಲ್ಲೇ ಇರುವುದಿಲ್ಲ.

ಸಾವನ್ನು ತೋರಿಸುವುದಿಲ್ಲ. ಇದು ಕೇವಲ ಮರ್ಯಾದೆಯ ಮಾತಲ್ಲ, ಕಥೆಯೂ ಇದರಿಂದ ಗಟ್ಟಿಯಾಗುತ್ತದೆ. ಬಂದವರು ಹಾನಿ ಮಾಡುವವರೋ ಅಲ್ಲವೋ ಎಂಬುದು ಅವಳಿಗೆ ಗೊತ್ತಿಲ್ಲ, ಕೆಲಸಕ್ಕೆ ಹೋಗದೆ ವಿಧಿಯಿಲ್ಲ. ಹಾಗಾಗಿ ಅವಳು ಆನೆಯನ್ನು ಕಲಿತಂತೆ ಇವರನ್ನೂ ಕಲಿಯುತ್ತ ಹೋಗುತ್ತಾಳೆ. ಯಾವ ಹೊತ್ತಿಗೆ ಬರುತ್ತಾರೆ, ಯಾವುದಕ್ಕೆ ಬೆಚ್ಚುತ್ತಾರೆ, ಎಷ್ಟು ದೂರ ನಿಂತರೆ ಸುಮ್ಮನಿರುತ್ತಾರೆ. ಸೈನ್ಯವೂ ವಿಜ್ಞಾನಿಗಳೂ ಬರುವ ಹೊತ್ತಿಗೆ ಅವಳಿಗೆ ತಿಳಿದಿರುವಷ್ಟು ಯಾರಿಗೂ ತಿಳಿದಿರುವುದಿಲ್ಲ. ಆದರೆ ಅವಳನ್ನು ಯಾರೂ ಕೇಳುವುದಿಲ್ಲ.

ಕತ್ತಲೆಕೋಣೆ

ಇದು ನಿಜಕ್ಕೂ ಹೊಸದು. ಈಗ ಮಂಟಪದವರ ಮಾತಿಗೂ ನಾನು ಅರ್ಧ ಒಪ್ಪುತ್ತೇನೆ. ಅವಳು ನೋಡಿದ್ದನ್ನು ನಾವೂ ನೋಡಬೇಕು, ಇಲ್ಲದಿದ್ದರೆ ಅವಳ ತಿಳಿವಳಿಕೆಗೆ ಸಾಕ್ಷಿ ಇರುವುದಿಲ್ಲ. ಆದರೆ ಸೈನ್ಯದವರು ಬಂದ ಮೇಲೆ ಒಂದು ಸಲವೂ ಕಾಣಿಸಬಾರದು. ಅವಳೊಬ್ಬಳಿಗೇ ಕಾಣಲಿ.

ಮಂಟಪದ ಕೆಲಸ

ಅಷ್ಟಾದರೂ ಸಿಕ್ಕಿತಲ್ಲ, ಸಂತೋಷ. ಕತ್ತು ಮತ್ತು ಒಂದು ಪಾರ್ಶ್ವವನ್ನು ಮಾತ್ರ ಕಟ್ಟಿದರೆ ಸಾಕು. ಉಳಿದದ್ದನ್ನು ಸಿಲ್ವರ್ ಓಕ್ ಮರಗಳು ಮುಚ್ಚುತ್ತವೆ. ಚೌಕಟ್ಟಿನ ಕಬ್ಬಿಣ ದಸರಾ ಮುಗಿದ ಮೇಲೆ ನಮ್ಮ ಶೆಡ್ಡಿನಲ್ಲೇ ಇರುತ್ತದೆ.

ತೋಟದ ರೈಟರ್

ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವನು ನಾನು, ಕೆಲಸದ ಮಾತು ಬರೆಯುತ್ತೇನೆ. ನವೆಂಬರ್ ಕೊನೆಯಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕೊಯ್ಲು. ನಿಮಗೆ ಬೇಕಾದ ಬೆಳಗಿನ ಮಂಜು, ಕಣದಲ್ಲಿ ಹರಡಿದ ಚೆರ್ರಿ, ರಾತ್ರಿ ಕಣ ಕಾಯುವವರ ಬೆಂಕಿ, ಎಲ್ಲವೂ ಆಗಲೇ ಸಿಗುತ್ತದೆ. ಜೂನ್ ನಂತರ ಬಂದರೆ ಮಳೆ ನಿಮ್ಮ ಲೆನ್ಸಿನ ಒಳಗೇ ಬೂಷ್ಟು ಹಿಡಿಸುತ್ತದೆ. ಡಿಸೆಂಬರಿನಲ್ಲೂ ಬೆಚ್ಚಗಿನ ಕೋಣೆಯಿಂದ ಕ್ಯಾಮೆರಾವನ್ನು ನೇರ ಚಳಿಗೆ ತಂದು, ಮತ್ತೆ ಒಳಗೆ ಒಯ್ದರೆ ಗಾಜಿನ ಮೇಲೆ ನೀರು ಕೂರುತ್ತದೆ. ಚೀಲದಲ್ಲಿಟ್ಟು ಹೊರಗಿನ ಜಗಲಿಯಲ್ಲೇ ಬಿಡಿ.

ರಾತ್ರಿ ಚಿತ್ರೀಕರಣ ಆನೆ ಓಡಾಡುವ ತೋಟದಲ್ಲಿ ಬೇಡವೇ ಬೇಡ. ಪಟ್ಟಣಕ್ಕೆ ಹತ್ತಿರದ, ಸುತ್ತ ಮನೆಗಳಿರುವ ತೋಟದ ಅಂಚನ್ನು ಆರಿಸಿಕೊಳ್ಳಿ, ಕತ್ತಲಲ್ಲಿ ಎಲ್ಲ ತೋಟವೂ ಒಂದೇ. ಅರಣ್ಯ ಇಲಾಖೆಯ ಕ್ಷಿಪ್ರ ಸ್ಪಂದನ ತಂಡಕ್ಕೆ ಮೊದಲೇ ತಿಳಿಸಿ. ಸಾಕಾನೆಯನ್ನು ಬಳಸುವ ಯೋಚನೆಯಿದ್ದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ನನ್ನ ಸಲಹೆಯೆಂದರೆ ಚಿತ್ರದಲ್ಲಿ ಆನೆಯೇ ಕಾಣಿಸದಿರಲಿ. ಲದ್ದಿ, ಹೆಜ್ಜೆ, ಕೆರೆ ಏರಿ ಜಾರಿದ ಗುರುತು ಸಾಕು. ಅವು ಬೇಕಾದಷ್ಟಿವೆ.

ಕೊಯ್ಲಿನ ದೃಶ್ಯಕ್ಕೆ ನಿಜವಾದ ಕೆಲಸಗಾರರನ್ನು ನಿಲ್ಲಿಸಿದರೆ ಆ ದಿನದ ಪೂರ್ತಿ ಕೂಲಿಯನ್ನು ನೀವು ಕೊಡಬೇಕು. ಮೊದಲೇ, ಕೈಗೆ.

ಗದ್ದೆಬದಿ

ರೈಟರ್ ಸರ್, ಕೂಲಿಯ ಲೆಕ್ಕವನ್ನು ಕ್ಯಾಮೆರಾ ಬಾಡಿಗೆಗಿಂತ ಮೇಲೆ ಬರೆದುಕೊಂಡಿದ್ದೇವೆ. ಲೈನ್‌ಮನೆಯವರೇ, ಮುಖ್ಯ ಪಾತ್ರದ ಮಾತುಗಳನ್ನು ನಾವು ಬರೆದರೆ ಪುಸ್ತಕದ ಮಾತಾಗುತ್ತದೆ. ನಿಮ್ಮ ಅಮ್ಮ ಒಂದು ಸಂಜೆ ನಮ್ಮೊಂದಿಗೆ ಕುಳಿತು ದಾರಿಯ ವಿಷಯ ಹೇಳುತ್ತಾರೆಯೇ? ಅವರು ಒಪ್ಪಿದರೆ ಮಾತ್ರ. ಹೆಸರು ಹಾಕುವುದೂ ಬಿಡುವುದೂ ಅವರ ಇಷ್ಟ.

ಲೈನ್‌ಮನೆ

ಅಮ್ಮನನ್ನು ಕೇಳಿದೆ. ಭಾನುವಾರ ಗೋಣಿಕೊಪ್ಪದ ಸಂತೆ ಮುಗಿಸಿ ಬಂದ ಮೇಲೆ ಆಗಬಹುದು ಎಂದರು. ಅವರದೂ ಒಂದು ಪ್ರಶ್ನೆ ಇದೆ, ಅದಕ್ಕೆ ಉತ್ತರ ಸಿದ್ಧಮಾಡಿಕೊಂಡು ಬನ್ನಿ: ಬಂದವರು ಏನು ತಿನ್ನುತ್ತಾರೆ? ಅದು ಗೊತ್ತಾದರೆ ಯಾವ ದಾರಿಯಲ್ಲಿ ಬರುತ್ತಾರೆ ಎಂದು ತಾವೇ ಹೇಳುತ್ತಾರಂತೆ.